ಪ್ರವಾಸಿ ಬಂಗಲೆಗಳು ಮತ್ತು ಛತ್ರಗಳು: ಕೊಳ್ಳೇಗಾಲ, ಹನೂರು ಹಾಗೂ ಯಳಂದೂರು ತಾಲ್ಲೂಕುಗಳ ಐತಿಹಾಸಿಕ ಹಿನ್ನೆಲೆ

ಪರಿಚಯ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ಪ್ರಯಾಣಿಕರು ರಾತ್ರಿ ತಂಗಲು ಉಪಯೋಗಿಸುತ್ತಿರುವ ಸಾರ್ವಜನಿಕ ಕಟ್ಟಡಗಳಿಗೆ ಎರಡು ಶತಮಾನಗಳಿಗೂ ಮೀರಿದ ಹಿನ್ನೆಲೆಯಿರುತ್ತದೆ. ಜನರು ಇಂದಿಗೂ 'ಟಿ.ಬಿ.' ಮತ್ತು 'ಐ.ಬಿ.' ಎಂದು ಕರೆಯುವ ಪ್ರವಾಸಿ ಮಂದಿರ ಹಾಗೂ ಪರಿವೀಕ್ಷಣಾ ಮಂದಿರಗಳು, ದೇವಸ್ಥಾನಗಳ ಬಳಿಯ ಛತ್ರಗಳು ಮತ್ತು ಬೆಟ್ಟದ ವಸತಿ ಗೃಹಗಳು ಈ ವರ್ಗಕ್ಕೆ ಸೇರಿವೆ.

ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಾಲದಲ್ಲಿ (1837–1901) ರೈಲು ಮಾರ್ಗಗಳು ಹರಡಿದಂತೆ ಸಮುದ್ರ ತೀರದ ಊರುಗಳಲ್ಲಿ ಖಾಸಗಿ ವಸತಿ ಗೃಹಗಳು ಬೆಳೆದವು. ಅದೇ ಕಾಲದಲ್ಲಿ ದಕ್ಷಿಣ ಭಾರತದ ಒಳನಾಡಿನಲ್ಲಿ ಆ ಸ್ಥಾನವನ್ನು ತುಂಬಿದ್ದು ಸರ್ಕಾರಿ ಪ್ರವಾಸಿ ಬಂಗಲೆ ಮತ್ತು ಧರ್ಮಛತ್ರ. ಕೊಳ್ಳೇಗಾಲ ಮತ್ತು ಹನೂರಿಗೆ ರೈಲು ಬರಲಿಲ್ಲ. ಆದುದರಿಂದ ಇಲ್ಲಿನ ಪ್ರಯಾಣವು ರಸ್ತೆಯನ್ನೇ ಅವಲಂಬಿಸಿತು, ರಸ್ತೆಯ ಬದಿಯ ತಂಗುದಾಣಗಳ ಮಹತ್ವವೂ ಇತರ ಪ್ರದೇಶಗಳಿಗಿಂತ ಹೆಚ್ಚು ಕಾಲ ಉಳಿಯಿತು.

ಸದರಿ ಕಟ್ಟಡಗಳು ಆರಂಭದಲ್ಲಿ ಎಲ್ಲರಿಗಾಗಿ ಇರಲಿಲ್ಲ. ಬಂಗಲೆಯಲ್ಲಿ ಹುದ್ದೆ ಮತ್ತು ವರ್ಣ, ಛತ್ರದಲ್ಲಿ ಜಾತಿ ಪ್ರವೇಶವನ್ನು ನಿರ್ಧರಿಸುತ್ತಿದ್ದವು. ಅನುಗ್ರಹವಾಗಿ ದೊರೆಯುತ್ತಿದ್ದ ಸೂರು ನಾಗರಿಕರ ಹಕ್ಕಾಗಿ ಪರಿಣಮಿಸಿದ ಬಗೆಯನ್ನು, ಹಾಗೂ ಆ ಹಕ್ಕಿನ ಸಂಬಂಧ ನಾಗರಿಕರು ತಿಳಿದಿರಬೇಕಾದ ಅಂಶಗಳನ್ನು ಈ ಪುಟದಲ್ಲಿ ನೀಡಲಾಗಿದೆ.

1. ಆಡಳಿತಾತ್ಮಕ ಹಿನ್ನೆಲೆ

1799ರ ಮೇ 4ರಂದು ಶ್ರೀರಂಗಪಟ್ಟಣದ ಪತನಾನಂತರ ಟಿಪ್ಪು ಸುಲ್ತಾನನ ರಾಜ್ಯವನ್ನು ವಿಭಜಿಸಲಾಯಿತು. ಕೊಳ್ಳೇಗಾಲ ಪ್ರದೇಶವು ಈಸ್ಟ್ ಇಂಡಿಯಾ ಕಂಪನಿಗೆ ಸೇರಿ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. ಇಂದಿನ ಹನೂರು ತಾಲ್ಲೂಕು ಅದರಲ್ಲಿಯೇ ಅಡಕವಾಗಿತ್ತು. ನೆರೆಯ ಯಳಂದೂರು ಮೈಸೂರು ಸಂಸ್ಥಾನದಲ್ಲಿಯೇ ಉಳಿಯಿತು. 1807ರಲ್ಲಿ ಇದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ನೀಡಲಾಯಿತು.

ಇದರ ಪರಿಣಾಮವಾಗಿ, ಒಂದೇ ಭಾಷೆ ಮತ್ತು ಒಂದೇ ದೈವಭಕ್ತಿಯ ಅಕ್ಕಪಕ್ಕದ ಊರುಗಳು ಎರಡು ಸರ್ಕಾರಗಳ ಆಡಳಿತಕ್ಕೆ ಒಳಪಟ್ಟವು. ಕೊಳ್ಳೇಗಾಲ ಸೀಮೆಯ ರೈತನು ಜಿಲ್ಲಾ ಕಲೆಕ್ಟರರ ಬಳಿ ಅರ್ಜಿ ಸಲ್ಲಿಸಬೇಕಾದರೆ ಘಟ್ಟ ಇಳಿದು ಕೊಯಮತ್ತೂರಿಗೆ ಹೋಗಬೇಕಾಗಿತ್ತು. ಯಳಂದೂರಿನವನಿಗೆ ಮೈಸೂರು ಸಮೀಪವಾಗಿತ್ತು. ಹೀಗಾಗಿ ದಾರಿಯಲ್ಲಿನ ತಂಗುದಾಣವು ಯಾತ್ರಿಕರಿಗೆ ಮಾತ್ರವಲ್ಲದೆ, ಕಚೇರಿ ಕೆಲಸಕ್ಕೆ ಹೋಗುವ ಸಾಮಾನ್ಯ ಪ್ರಜೆಗೂ ಅತ್ಯಗತ್ಯವಾಗಿತ್ತು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ತಾಲ್ಲೂಕು ಅಂದಿನ ಮೈಸೂರು ರಾಜ್ಯಕ್ಕೆ ಸೇರಿ ಮೈಸೂರು ಜಿಲ್ಲೆಯ ಭಾಗವಾಯಿತು. 1997ರ ಆಗಸ್ಟ್ 15ರಂದು ಚಾಮರಾಜನಗರ ಜಿಲ್ಲೆ ಅಸ್ತಿತ್ವಕ್ಕೆ ಬಂದಿತು. 2018ರಲ್ಲಿ ಹನೂರು ಪ್ರತ್ಯೇಕ ತಾಲ್ಲೂಕಾಯಿತು.

2. ಹಳೆಯ ದಾರಿಗಳು ಮತ್ತು ತಂಗುದಾಣಗಳು

ಮೈಸೂರು ಪ್ರಸ್ಥಭೂಮಿಯಿಂದ ತಮಿಳು ಬಯಲು ಸೀಮೆಗೆ ಇಳಿಯಲು ಈ ಭಾಗದಲ್ಲಿ ಹಲವು ಘಟ್ಟದ ದಾರಿಗಳಿದ್ದವು. ಹಾಸನೂರು ಮತ್ತು ದಿಂಬಂ ಮಾರ್ಗವು ಸತ್ಯಮಂಗಲಕ್ಕೆ ಇಳಿಯುತ್ತಿತ್ತು. ಬರ್ಗೂರು ಬೆಟ್ಟದ ಮಾರ್ಗವು ಅಂದಿಯೂರಿಗೆ ಹೋಗುತ್ತಿತ್ತು. ಹನೂರು ಮತ್ತು ಕೌದಳ್ಳಿಯ ಮೂಲಕ ಕಾವೇರಿಪುರದ ಘಟ್ಟಕ್ಕೆ ಹೋಗುವ ದಾರಿ ಮತ್ತೊಂದು. ಕಂಪನಿಯ ಆಜ್ಞೆಯಂತೆ ದೇಶ ಸಂಚಾರ ಮಾಡಿದ ವೈದ್ಯ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಈ ಸೀಮೆಯನ್ನು ಹಾದುಹೋಗಿದ್ದು, ಅವನ ಪ್ರವಾಸ ವರದಿ 1807ರಲ್ಲಿ ಪ್ರಕಟವಾಯಿತು.

ಎತ್ತಿನ ಗಾಡಿ ಮತ್ತು ಹೇರೆತ್ತುಗಳ ಪ್ರಯಾಣವು ದಿನಕ್ಕೆ ಹತ್ತು ಹದಿನೈದು ಮೈಲಿಗಳಿಗಿಂತ ಹೆಚ್ಚು ಸಾಗುತ್ತಿರಲಿಲ್ಲ. ಆದ್ದರಿಂದ ಅಷ್ಟಷ್ಟು ದೂರಕ್ಕೆ ನೀರು, ನೆರಳು ಮತ್ತು ಮಾಡು ಇರುವ ಒಂದೊಂದು ಸ್ಥಳ ರೂಪುಗೊಂಡಿತು. ಬೇಸಿಗೆಯಲ್ಲಿ ನೀರು, ಮಜ್ಜಿಗೆ ನೀಡುವ ಅರವಟ್ಟಿಗೆ, ಹೊರೆ ಇಳಿಸುವ ಕಲ್ಲು, ಕಲ್ಯಾಣಿ, ನಾಲ್ಕು ಕಂಬದ ಮಂಟಪ, ಅಶ್ವತ್ಥಕಟ್ಟೆ ಇವು ಅದರ ಅಂಗಗಳು. ಇವುಗಳಿಗೆ ಬಾಗಿಲೂ ಇರಲಿಲ್ಲ, ಬಾಡಿಗೆಯೂ ಇರಲಿಲ್ಲ.

ಛತ್ರವು ಇದಕ್ಕಿಂತ ಒಂದು ಹೆಜ್ಜೆ ಮುಂದಿನ ಸಂಸ್ಥೆ. ಗೋಡೆ, ಒಳಾಂಗಣ, ಅಡುಗೆಮನೆ ಮತ್ತು ಬಾವಿ ಇರುವ ಕಟ್ಟಡವನ್ನು ಕಟ್ಟಿಸಿ, ಅದರ ನಿರ್ವಹಣೆಗಾಗಿ ದಾನಿಗಳು ಜಮೀನನ್ನು ಇನಾಮಾಗಿ ಬಿಡುತ್ತಿದ್ದರು. ಸದರಿ ಜಮೀನಿನ ಉತ್ಪನ್ನದಿಂದ ಪರಸ್ಥಳದವರಿಗೆ ಊಟ ಅಥವಾ ಅಕ್ಕಿ, ಬೇಳೆ, ಸೌದೆ ಸಿಗುತ್ತಿತ್ತು. ಛತ್ರವೆಂದರೆ ಕಟ್ಟಡ ಮಾತ್ರವಲ್ಲ, ಅದರೊಂದಿಗೆ ಬಂದ ಜಮೀನೂ ಸೇರುತ್ತದೆ ಎಂಬ ಅಂಶವು ಮುಂದೆ ಬಹು ಮುಖ್ಯವಾಗುತ್ತದೆ.

3. ಶಿವನಸಮುದ್ರದ ಸೇತುವೆಗಳು ಮತ್ತು ಬಂಗಲೆ

ಕೊಳ್ಳೇಗಾಲ ಭಾಗದಲ್ಲಿ ಬ್ರಿಟಿಷ್ ಕಾಲದ ಪ್ರವಾಸಿ ವಸತಿಯ ಇತಿಹಾಸವು ಶಿವನಸಮುದ್ರದೊಂದಿಗೆ ಬೆಸೆದುಕೊಂಡಿದೆ. ಕಾವೇರಿ ನದಿಯು ಸತ್ತೇಗಾಲದ ಬಳಿ ಎರಡು ಕವಲಾಗಿ ಒಡೆದು ದ್ವೀಪವೊಂದನ್ನು ಸುತ್ತುವರಿದು, ಗಗನಚುಕ್ಕಿ ಮತ್ತು ಭರಚುಕ್ಕಿ ಎಂಬ ಎರಡು ಜಲಪಾತಗಳಾಗಿ ಧುಮುಕುತ್ತದೆ. ದ್ವೀಪದಲ್ಲಿ ರಂಗನಾಥಸ್ವಾಮಿಯ ದೇವಾಲಯವಿದ್ದು, ಶ್ರೀರಂಗಪಟ್ಟಣದ ಆದಿರಂಗ ಮತ್ತು ಶ್ರೀರಂಗದ ಅಂತ್ಯರಂಗದ ನಡುವಿನ ಮಧ್ಯರಂಗವೆಂದು ಭಕ್ತರು ನಂಬುತ್ತಾರೆ. ಗಗನಚುಕ್ಕಿಯ ಸಮೀಪ ದರ್ಗಾ ಸಹ ಇರುತ್ತದೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿನ ಹಳೆಯ ಕಲ್ಲಿನ ಸೇತುವೆಗಳು ಶಿಥಿಲವಾಗಿ, ದ್ವೀಪವು ಕಾಡು ಬೆಳೆದು ನಿರ್ಜನವಾಗಿತ್ತು. ಮೈಸೂರಿನ ಬ್ರಿಟಿಷ್ ರೆಸಿಡೆಂಟರ ಕಚೇರಿಯಲ್ಲಿದ್ದ ರಾಮಸ್ವಾಮಿ ಮೊದಲಿಯಾರ್ ಎಂಬುವರು ಸ್ವಂತ ಹಣದಿಂದ ಸೇತುವೆಗಳನ್ನು ಪುನರ್ನಿರ್ಮಿಸುವ ಕಾರ್ಯ ಕೈಗೊಂಡರು. 1830ರ ದಶಕದ ಆರಂಭದ ವೇಳೆಗೆ ಈ ಕೆಲಸ ಪೂರ್ಣಗೊಂಡಿತು. ನದಿಯ ಬಂಡೆಯ ಮೇಲೆ ಕಲ್ಲಿನ ಕಂಬಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಮೇಲೆ ಕಲ್ಲಿನ ತೊಲೆಗಳನ್ನು ಹಾಸಿ ಈ ಸೇತುವೆಗಳನ್ನು ಕಟ್ಟಲಾಗಿದೆ. ಒಂದಕ್ಕೆ ಅಂದಿನ ಮದ್ರಾಸ್ ಗವರ್ನರ್ ಲಷಿಂಗ್ಟನ್ನರ ಹೆಸರಿದೆ. ಇನ್ನೊಂದನ್ನು ಜನರು ವೆಸ್ಲಿ ಸೇತುವೆ ಎಂದು ಕರೆಯುತ್ತಾರೆ, ಇದು ವೆಲ್ಲೆಸ್ಲಿ ಎಂಬ ಹೆಸರಿನ ರೂಢಿಯ ರೂಪ.

ಈ ಸೇವೆಗಾಗಿ ಮೊದಲಿಯಾರರಿಗೆ ಶಿವನಸಮುದ್ರದ ಜಹಗೀರು ಹಾಗೂ 'ಜನೋಪಕಾರ ಕಾಮಕರ್ತ' ಎಂಬ ಬಿರುದು ದೊರೆಯಿತು. ಸೇತುವೆಯ ಜೊತೆಗೆ ಅವರು ದೇವಾಲಯದ ಜೀರ್ಣೋದ್ಧಾರ ಮಾಡಿಸಿ, ಜಲಪಾತ ನೋಡಲು ಬರುವ ಐರೋಪ್ಯ ಪ್ರವಾಸಿಗರಿಗಾಗಿ ಬಂಗಲೆಯೊಂದನ್ನು ಕಟ್ಟಿಸಿದರು. ಮಳೆಗಾಲದ ನಂತರ ಜಲಪಾತ ನೋಡಲು ಬರುತ್ತಿದ್ದ ಅಧಿಕಾರಿಗಳು, ಸೈನ್ಯಾಧಿಕಾರಿಗಳು ಮತ್ತು ಚಿತ್ರಕಾರರಿಗೆ ಇದು ಆಸರೆಯಾಯಿತು.

ಗಮನಿಸಬೇಕಾದ ಅಂಶವೆಂದರೆ, ಸೇತುವೆಯ ಮೇಲೆ ಎಲ್ಲರೂ ನಡೆಯಬಹುದಾಗಿತ್ತು. ಬಂಗಲೆಯಲ್ಲಿ ಎಲ್ಲರೂ ಮಲಗುವಂತಿರಲಿಲ್ಲ. ಜಾತ್ರೆಗೆ ಬಂದ ಭಕ್ತರು ದೇವಾಲಯದ ಪ್ರಾಕಾರ ಮತ್ತು ಮಂಟಪಗಳಲ್ಲಿ ತಂಗುತ್ತಿದ್ದರು.

1902ರ ಜೂನ್ 30ರಂದು ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 92 ಮೈಲಿ ದೂರದ ತಂತಿಯ ಮೂಲಕ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿಗೂ ದೀಪ ಬಂದಿತು. ನದಿಯ ಎಡದಂಡೆಯ ಮೈಸೂರು ಭಾಗದಲ್ಲಿ ಇಂಜಿನಿಯರುಗಳ ವಸತಿಗಳು ಬೆಳೆದವು. ನದಿಯ ಈಚೆಗಿನ ದ್ವೀಪ ಮದ್ರಾಸ್ ಪ್ರಾಂತ್ಯದಲ್ಲಿಯೇ ಮುಂದುವರೆಯಿತು. 2018ರ ಕಾವೇರಿ ಪ್ರವಾಹದಲ್ಲಿ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಗಿರುತ್ತದೆ.

4. ಪ್ರವಾಸಿ ಬಂಗಲೆಯ ವ್ಯವಸ್ಥೆ

ಟಪ್ಪಾಲು ಸಾಗಿಸುವ ಮುಖ್ಯ ರಸ್ತೆಗಳಲ್ಲಿ ಅಂಚೆಯ ಹಂತಗಳಿಗೆ ಹೊಂದುವಂತೆ ಬಂಗಲೆಗಳನ್ನು ಕಟ್ಟುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಭಾರತದಾದ್ಯಂತ ನೆಲೆಗೊಂಡಿತು. ಉತ್ತರದಲ್ಲಿ ಇವುಗಳಿಗೆ ಡಾಕ್ ಬಂಗಲೆ ಎಂದೂ, ಮದ್ರಾಸ್ ಮತ್ತು ಮೈಸೂರು ಸೀಮೆಗಳಲ್ಲಿ ಪ್ರವಾಸಿ ಬಂಗಲೆ ಎಂದೂ ಹೆಸರು. ಮೈಸೂರಿನಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿ (1834–1861) ಸುಮಾರು 1600 ಮೈಲಿ ರಸ್ತೆ ನಿರ್ಮಾಣವಾಯಿತು. 1856ರಲ್ಲಿ ಲೋಕೋಪಯೋಗಿ ಇಲಾಖೆ ಸ್ಥಾಪನೆಗೊಂಡಿತು. ರಸ್ತೆಗಳ ತಪಾಸಣೆಗೆ ಬರುವ ಇಂಜಿನಿಯರುಗಳು ತಂಗಲು ಕಟ್ಟಿದ ಬಂಗಲೆಗಳೇ ಇಂದಿನ ಪರಿವೀಕ್ಷಣಾ ಮಂದಿರಗಳ ಮೂಲ.

ಈ ಕಟ್ಟಡಗಳ ಸಾಮಾನ್ಯ ಲಕ್ಷಣಗಳು ಈ ಕೆಳಕಂಡಂತಿವೆ:

• ಊರಿನಿಂದ ಸ್ವಲ್ಪ ದೂರದಲ್ಲಿ, ದಿಣ್ಣೆಯ ಮೇಲೆ, ವಿಶಾಲವಾದ ಆವರಣದ ನಡುವೆ ಇರುವ ಒಂದಂತಸ್ತಿನ ಕಟ್ಟಡ.
• ಮುಂದೆ ಅಥವಾ ಸುತ್ತಲೂ ವರಾಂಡ, ದಪ್ಪ ಗೋಡೆ, ಎತ್ತರದ ಮಾಡು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದ ನಂತರ ಮಂಗಳೂರು ಹೆಂಚಿನ ಬಳಕೆ ಕ್ರಮೇಣ ವ್ಯಾಪಕವಾಯಿತು.
• ನಡುವೆ ಹಜಾರ, ಎರಡು ಕಡೆ ಕೊಠಡಿ, ಹಿಂದೆ ಸ್ನಾನದ ಮನೆ.
• ಬೆಂಕಿಯ ಭಯ ಮತ್ತು ಹೊಗೆಯ ಕಾರಣ ಪ್ರತ್ಯೇಕವಾಗಿ ಕಟ್ಟಿದ ಅಡುಗೆಮನೆ. ಪಕ್ಕದಲ್ಲಿ ಕುದುರೆ ಲಾಯ ಮತ್ತು ಆಳುಗಳ ಮನೆ.

ಬಂಗಲೆಗೆ ದಿನದ ಬಾಡಿಗೆ ಸಾಮಾನ್ಯವಾಗಿ ಒಬ್ಬರಿಗೆ ಒಂದು ರೂಪಾಯಿ. ಬಂದವರು ಇಪ್ಪತ್ತನಾಲ್ಕು ಗಂಟೆ ಇರಬಹುದಾಗಿತ್ತು. ನಂತರ ಹೊಸಬರು ಬಂದಲ್ಲಿ ಜಾಗ ಬಿಟ್ಟುಕೊಡಬೇಕಾಗಿತ್ತು. ಹೆಸರು, ಹುದ್ದೆ, ಬಂದ ಮತ್ತು ಹೊರಟ ವೇಳೆ, ಕೊಟ್ಟ ಹಣ ಇವೆಲ್ಲವನ್ನೂ ದಾಖಲೆ ಪುಸ್ತಕದಲ್ಲಿ ಬರೆಯಬೇಕಾಗಿತ್ತು. ದೂರುಗಳನ್ನೂ ಅದರಲ್ಲಿಯೇ ನಮೂದಿಸಲಾಗುತ್ತಿತ್ತು. ತಪಾಸಣೆಗೆ ಬಂದ ಅಧಿಕಾರಿ ಅದನ್ನು ಪರಿಶೀಲಿಸುತ್ತಿದ್ದನು. ಇಂದಿನ ಪ್ರವಾಸಿ ಮಂದಿರಗಳ ಹಾಜರಿ ಪುಸ್ತಕಕ್ಕೆ ಇದೇ ಮೂಲ.

ಬಂಗಲೆಯ ಆಗುಹೋಗುಗಳನ್ನು ನೋಡಿಕೊಳ್ಳುತ್ತಿದ್ದವನು ಮೇಟಿ. ಕೀಲಿಕೈ, ದೀಪ, ಬಿಸಿನೀರು, ಕೋಳಿ, ಮೊಟ್ಟೆ, ಹಾಲು, ಕುದುರೆಗೆ ಹುರುಳಿ ಎಲ್ಲವೂ ಅವನ ಜವಾಬ್ದಾರಿ. ಸಾಹೇಬರು ಬರುವ ಸುದ್ದಿ ಬಂದಾಗ ಊರಿನ ಪಟೇಲ, ಶಾನುಭೋಗ, ತೋಟಿ, ತಳವಾರರ ಮೇಲೆ ಸಾಮಗ್ರಿ ಒದಗಿಸುವ ಹೊರೆ ಬೀಳುತ್ತಿತ್ತು. ಕೂಲಿಯಿಲ್ಲದೆ ಹೊರೆ ಹೊರುವ ಬಿಟ್ಟಿ ಪದ್ಧತಿಯು ಬಡ ಗ್ರಾಮಸ್ಥರಿಗೆ ಬಂಗಲೆಯ ಮತ್ತೊಂದು ಮುಖವಾಗಿತ್ತು.

5. ಛತ್ರಗಳ ಆಡಳಿತ: ಎರಡು ಸರ್ಕಾರ, ಎರಡು ಪದ್ಧತಿ

(ಅ) ಕೊಳ್ಳೇಗಾಲ ಮತ್ತು ಹನೂರು (ಮದ್ರಾಸ್ ಪ್ರಾಂತ್ಯ)

ಮದ್ರಾಸ್ ಸರ್ಕಾರವು 1817ರ 7ನೇ ರೆಗ್ಯುಲೇಷನ್ ಮೂಲಕ ದೇವಸ್ಥಾನ, ಮಸೀದಿಗಳ ದತ್ತಿಗಳನ್ನೂ, ಸೇತುವೆ ಮತ್ತು ಛತ್ರಗಳನ್ನೂ ರೆವಿನ್ಯೂ ಬೋರ್ಡಿನ ಮೇಲ್ವಿಚಾರಣೆಗೆ ತಂದಿತು. ದತ್ತಿಯ ಉತ್ಪನ್ನವು ಉದ್ದೇಶಿತ ಕಾರ್ಯಕ್ಕೇ ವೆಚ್ಚವಾಗಬೇಕು ಎಂಬುದು ಇದರ ಆಶಯ. 1863ರ 20ನೇ ಕಾಯ್ದೆಯಿಂದ ಸರ್ಕಾರವು ಧಾರ್ಮಿಕ ಸಂಸ್ಥೆಗಳ ಆಡಳಿತದಿಂದ ಹಿಂದೆ ಸರಿಯಿತು. ಆದರೆ ಛತ್ರಗಳು ಲೌಕಿಕ ಧರ್ಮಕಾರ್ಯವೆಂದು ಪರಿಗಣಿತವಾಗಿದ್ದರಿಂದ ಅವು ಸರ್ಕಾರದ ಹೊಣೆಯಾಗಿಯೇ ಮುಂದುವರೆದವು. 1871ರ ಸ್ಥಳೀಯ ನಿಧಿ ಕಾಯ್ದೆ ಹಾಗೂ 1884ರ ಮದ್ರಾಸ್ ಲೋಕಲ್ ಬೋರ್ಡುಗಳ ಕಾಯ್ದೆ ಬಂದ ಮೇಲೆ ರಸ್ತೆ, ಆಸ್ಪತ್ರೆಗಳೊಂದಿಗೆ ಛತ್ರಗಳ ಹೊಣೆಯೂ ಸ್ಥಳೀಯ ಮಂಡಳಿಗಳ ಪಾಲಿಗೆ ಬಂದಿತು.

(ಆ) ಯಳಂದೂರು (ಮೈಸೂರು ಸಂಸ್ಥಾನ)

ಮೈಸೂರಿನಲ್ಲಿ ದೇವಸ್ಥಾನ, ಛತ್ರ ಮತ್ತು ಧರ್ಮಸಂಸ್ಥೆಗಳು ಮುಜರಾಯಿ ಇಲಾಖೆಯ ವ್ಯಾಪ್ತಿಯಲ್ಲಿದ್ದವು. ಅರಮನೆಯ ದಾನವೇ ಇಲ್ಲಿ ಮುಖ್ಯ ಆಧಾರವಾಗಿತ್ತು. 1927ರಲ್ಲಿ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಸಂಸ್ಥೆಗಳ ಕಾಯ್ದೆ ಜಾರಿಗೆ ಬಂದಿತು. ಖಾಸಗಿ ದಾನಿಗಳ ಛತ್ರಗಳೂ ಇದೇ ಕಾಲದಲ್ಲಿ ಹೆಚ್ಚಿದವು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದ ಬೆಂಗಳೂರು ರೈಲು ನಿಲ್ದಾಣದ ಬಳಿಯ ಗುಬ್ಬಿ ತೋಟದಪ್ಪನವರ ಛತ್ರ ಇದಕ್ಕೆ ಪ್ರಸಿದ್ಧ ನಿದರ್ಶನ.

ಭಾರತೀಯ ಪ್ರಯಾಣಿಕರಿಗೆಂದು ಇದ್ದ ತಂಗುಮನೆಗಳನ್ನು ಮೈಸೂರು ಸೀಮೆಯಲ್ಲಿ ಮುಸಾಫರಖಾನೆ ಎಂದೂ ಕರೆಯುತ್ತಿದ್ದರು. ಇದಲ್ಲದೆ, ಬ್ರಿಟಿಷ್ ಭಾರತದ ಕೇಂದ್ರ ಶಾಸನವಾದ 1867ರ ಸರಾಯಿಗಳ ಕಾಯ್ದೆಯು ಸಾರ್ವಜನಿಕ ತಂಗುದಾಣಗಳ ನೋಂದಣಿ ಮತ್ತು ಶುಚಿತ್ವದ ಬಗ್ಗೆ ನಿಯಮಗಳನ್ನು ವಿಧಿಸಿತ್ತು.

6. ಯಳಂದೂರು ಮತ್ತು ಬಿಳಿಗಿರಿರಂಗನ ಬೆಟ್ಟ

ಪೂರ್ಣಯ್ಯನವರ ವಂಶಸ್ಥರಾದ ಜಹಗೀರುದಾರರ ಬಂಗಲೆಯು ಯಳಂದೂರು ಪಟ್ಟಣದ ಪ್ರಮುಖ ಐತಿಹಾಸಿಕ ಕಟ್ಟಡವಾಗಿದ್ದು, ಇದನ್ನು ವಸ್ತುಸಂಗ್ರಹಾಲಯವನ್ನಾಗಿ ಅಭಿವೃದ್ಧಿಪಡಿಸಲಾಗಿದೆ.

ಬಿಳಿಗಿರಿರಂಗನ ಬೆಟ್ಟಕ್ಕೆ ಎರಡು ಬಗೆಯ ಜನರು ಬರುತ್ತಿದ್ದರು. ಮೊದಲನೆಯವರು ರಂಗನಾಥನ ಭಕ್ತರು. ಎರಡನೆಯವರು ಬೇಟೆ ಮತ್ತು ಕಾಫಿ ಬೆಳೆಗಾಗಿ ಬಂದ ಐರೋಪ್ಯರು ಹಾಗೂ ರಾಜಪರಿವಾರದವರು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಜಿ.ಪಿ. ಸ್ಯಾಂಡರ್ಸನ್ ಚಾಮರಾಜನಗರದ ಸಮೀಪ 1874ರಲ್ಲಿ ಆನೆಗಳ ಖೆಡ್ಡಾವನ್ನು ಯಶಸ್ವಿಯಾಗಿ ನಡೆಸಿದನು. ಮೋರಿಸ್ ಕುಟುಂಬದವರು ಬೆಟ್ಟದ ಅತ್ತಿಖಾನ್ ಮತ್ತು ಹೊನ್ನಮೇಟಿಯಲ್ಲಿ ಕಾಫಿ ತೋಟಗಳನ್ನು ಮಾಡಿದರು. ಮಹಾರಾಜರ ಬೇಟೆ ಬಂಗಲೆಯಿದ್ದ ಕ್ಯಾತದೇವರ ಗುಡಿಯಲ್ಲಿ ನಂತರದ ವರ್ಷಗಳಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರ ಆರಂಭವಾಯಿತು. 1974ರಲ್ಲಿ ಈ ಅರಣ್ಯವನ್ನು ವನ್ಯಜೀವಿಧಾಮವೆಂದೂ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದೂ ಘೋಷಿಸಲಾಯಿತು. ಬೇಟೆಗಾಗಿ ಕಟ್ಟಿದ ಮನೆ ಈಗ ಪ್ರಾಣಿಗಳನ್ನು ನೋಡಿ ಹಿಂತಿರುಗುವವರ ತಾಣವಾಗಿದೆ.

ಬೆಟ್ಟದ ಮೂಲನಿವಾಸಿಗಳಾದ ಸೋಲಿಗರು ದಾರಿ ತೋರುವವರಾಗಿ, ಹೊರೆ ಹೊರುವವರಾಗಿ, ಬೇಟೆಯ ಜಾಡು ಹಿಡಿಯುವವರಾಗಿ ಈ ಬಂಗಲೆಗಳಿಗೆ ದುಡಿದಿದ್ದಾರೆ.

7. ಮಲೆ ಮಹದೇಶ್ವರ ಬೆಟ್ಟ: ಬಂಗಲೆಯಿಲ್ಲದ ಯಾತ್ರೆ

ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟವು ಈ ಭಾಗದ ಅತಿ ದೊಡ್ಡ ಯಾತ್ರಾಸ್ಥಳ. ಎಪ್ಪತ್ತೇಳು ಮಲೆಗಳ ಒಡೆಯನೆಂದು ಭಕ್ತರು ಕರೆಯುವ ಮಾದಪ್ಪನ ಸನ್ನಿಧಿಗೆ ಶಿವರಾತ್ರಿ, ಯುಗಾದಿ, ಮಹಾಲಯ ಅಮಾವಾಸ್ಯೆ ಮತ್ತು ದೀಪಾವಳಿಯ ಸಂದರ್ಭಗಳಲ್ಲಿ ಮೈಸೂರು, ಮಂಡ್ಯ, ಬೆಂಗಳೂರು, ರಾಮನಗರ ಭಾಗದಿಂದಲೂ ತಮಿಳುನಾಡಿನಿಂದಲೂ ಜನರು ಬರುತ್ತಾರೆ. ಕಾವೇರಿ ಸಂಗಮದ ಬಳಿ ನದಿ ದಾಟಿ, ಕಾಡಿನ ದಾರಿಯಲ್ಲಿ ನಡೆದೇ ಬರುವ ಪರಸೆಗಳು ಇಂದಿಗೂ ಇವೆ.

ಈ ಯಾತ್ರೆಯ ವಸತಿ ವ್ಯವಸ್ಥೆಯು ಸರ್ಕಾರಿ ಬಂಗಲೆಗಿಂತ ಸಂಪೂರ್ಣ ಭಿನ್ನವಾಗಿತ್ತು. ದಾರಿಯ ಊರಿನ ಜಗಲಿ, ಗುಡಿಯ ಅಂಗಳ, ಮರದ ನೆರಳು ಮತ್ತು ಮಂಟಪಗಳೇ ತಂಗುದಾಣ. ಭಕ್ತರು ಅಕ್ಕಿ, ರಾಗಿ, ಕಾಯಿಗಳನ್ನು ತಾವೇ ಹೊತ್ತು ತಂದು ಮೂರು ಕಲ್ಲಿನ ಒಲೆಯಲ್ಲಿ ಬೇಯಿಸಿಕೊಳ್ಳುತ್ತಿದ್ದರು. ಕಂಸಾಳೆಯವರು ರಾತ್ರಿಯಿಡೀ ಮಾದಪ್ಪನ ಕಥೆ ಹಾಡುತ್ತಿದ್ದರು. ಬೆಟ್ಟದ ಬುಡದ ತಾಳಬೆಟ್ಟದಿಂದ ಮೆಟ್ಟಿಲು ಮತ್ತು ಕಾಲುದಾರಿಯ ಏರು ಆರಂಭವಾಗುತ್ತದೆ. ಬೆಟ್ಟದಲ್ಲಿ ಸಾಲೂರು ಬೃಹನ್ಮಠವು ಪರಂಪರೆಯಿಂದ ಭಕ್ತರಿಗೆ ಆಸರೆ ನೀಡುತ್ತಾ ಬಂದಿದೆ. ಬೇಡಗಂಪಣ ಸಮುದಾಯದವರು ಪೂಜಾ ಕಾರ್ಯ ನೆರವೇರಿಸುತ್ತಾರೆ.

ಪ್ರವಾಸಿ ಬಂಗಲೆಯ ನಿಯಮಗಳಲ್ಲಿ ಹೆಸರೇ ಇಲ್ಲದ ಜನರು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಶತಮಾನಗಳ ಕಾಲ ಸಂಚರಿಸಿದ್ದು ಊರವರ ಔದಾರ್ಯದ ಮೇಲೆ ಎಂಬುದು ಗಮನಾರ್ಹ.

8. ಯಾರಿಗೆ ಪ್ರವೇಶ: ನಿರ್ಬಂಧದಿಂದ ಹಕ್ಕಿನವರೆಗೆ

ಬಂಗಲೆಗಳ ನಿಯಮದಲ್ಲಿ ಪ್ರಯಾಣಿಕ ಎಂದರೆ ವಾಡಿಕೆಯಲ್ಲಿ ಐರೋಪ್ಯ ಅಥವಾ ಉನ್ನತ ಅಧಿಕಾರಿ ಎಂದೇ ಅರ್ಥವಾಗಿತ್ತು. ಭಾರತೀಯರು ಅಧಿಕಾರಿಗಳಾಗಿ ಬಂದಂತೆ ಇದು ಸಡಿಲವಾಯಿತು. ಛತ್ರಗಳಲ್ಲಿ ಬ್ರಾಹ್ಮಣರಿಗೆ ಮತ್ತು ಇತರರಿಗೆ ಬೇರೆ ಬೇರೆ ಭಾಗ, ಬೇರೆ ಪಂಕ್ತಿ ಇರುವುದು ಸಾಮಾನ್ಯವಾಗಿತ್ತು. ಅಸ್ಪೃಶ್ಯರೆಂದು ಕರೆಯಲ್ಪಟ್ಟವರಿಗೆ ಒಳಗೆ ಪ್ರವೇಶವಿರಲಿಲ್ಲ, ಛತ್ರದ ಬಾವಿಯ ನೀರೂ ಸಿಗುತ್ತಿರಲಿಲ್ಲ. ಒಂದೇ ಮಳೆಯ ರಾತ್ರಿಯಲ್ಲಿ ಒಂದೇ ರಸ್ತೆಯ ಪ್ರಯಾಣಿಕರಲ್ಲಿ ಒಬ್ಬನಿಗೆ ಮಂಚ, ಒಬ್ಬನಿಗೆ ಜಗಲಿ, ಒಬ್ಬನಿಗೆ ಮರದಡಿ ಎಂಬುದು ಅಂದಿನ ವ್ಯವಸ್ಥೆ.

ಈ ಸ್ಥಿತಿಯನ್ನು ಬದಲಿಸಿದ ಶಾಸನಗಳು ಈ ಕೆಳಕಂಡಂತಿವೆ:

• 1938ರ ಮದ್ರಾಸ್ ನಾಗರಿಕ ಅಸಾಮರ್ಥ್ಯಗಳ ನಿವಾರಣಾ ಕಾಯ್ದೆ. ಅಂದು ಮದ್ರಾಸ್ ಪ್ರಾಂತ್ಯದಲ್ಲಿದ್ದ ಕೊಳ್ಳೇಗಾಲ ಮತ್ತು ಹನೂರು ಭಾಗಕ್ಕೆ ಇದು ಅನ್ವಯಿಸುತ್ತಿತ್ತು.
• 1948ರ ಮೈಸೂರು ದೇವಾಲಯ ಪ್ರವೇಶ ಕಾಯ್ದೆ. ಯಳಂದೂರು ಭಾಗದ ದೇವಾಲಯಗಳಿಗೆ ಇದು ಅನ್ವಯಿಸುತ್ತಿತ್ತು.
• 1950ರ ಜನವರಿ 26ರಂದು ಜಾರಿಗೆ ಬಂದ ಭಾರತ ಸಂವಿಧಾನ. 15ನೇ ಅನುಚ್ಛೇದದ 2ನೇ ಖಂಡವು ಹೋಟೆಲು ಮೊದಲಾದ ಸಾರ್ವಜನಿಕ ಸ್ಥಳಗಳ ಪ್ರವೇಶದಲ್ಲಿ ಧರ್ಮ, ಮೂಲವಂಶ, ಜಾತಿ, ಲಿಂಗ ಅಥವಾ ಜನ್ಮಸ್ಥಳದ ಆಧಾರದ ತಾರತಮ್ಯವನ್ನು ನಿಷೇಧಿಸಿದೆ. 17ನೇ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ.
• 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ. 1976ರ ತಿದ್ದುಪಡಿಯ ನಂತರ ಇದು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು ಪಡೆಯಿತು. ಧರ್ಮಶಾಲೆ, ಸರಾಯಿ ಮತ್ತು ಮುಸಾಫರಖಾನೆಗಳ ಹೆಸರನ್ನು ಈ ಕಾಯ್ದೆಯು ಸ್ಪಷ್ಟವಾಗಿ ನಮೂದಿಸಿದ್ದು, ಅಲ್ಲಿ ಅಸ್ಪೃಶ್ಯತೆಯ ಕಾರಣಕ್ಕಾಗಿ ಅಡ್ಡಿಪಡಿಸುವುದು ಶಿಕ್ಷಾರ್ಹ ಅಪರಾಧವಾಗಿರುತ್ತದೆ.

9. 1956ರ ನಂತರದ ಬೆಳವಣಿಗೆ

ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿದಾಗ ಅಲ್ಲಿನ ಸರ್ಕಾರಿ ಬಂಗಲೆಗಳೂ ರಸ್ತೆಗಳೂ ರಾಜ್ಯದ ಲೋಕೋಪಯೋಗಿ ಇಲಾಖೆಯ ಅಧೀನಕ್ಕೆ ಬಂದವು. ಆದರೆ ಕಾನೂನುಗಳು ಒಂದೇ ದಿನದಲ್ಲಿ ಬದಲಾಗಲಿಲ್ಲ. ಮದ್ರಾಸಿನಿಂದ ಬಂದ ಪ್ರದೇಶಗಳಲ್ಲಿ 1951ರ ಮದ್ರಾಸ್ ಹಿಂದೂ ಧಾರ್ಮಿಕ ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆ ಮುಂದುವರೆಯಿತು. ರಾಜ್ಯದ ಶಾಸನಗಳಲ್ಲಿ ಕಾಣುವ 'ಮಂಗಳೂರು ಮತ್ತು ಕೊಳ್ಳೇಗಾಲ ಪ್ರದೇಶ' ಎಂಬ ಪದಪುಂಜಕ್ಕೆ ಇದೇ ಕಾರಣ. ನಕ್ಷೆಯಲ್ಲಿ ಬಹು ದೂರವಿರುವ ಈ ಎರಡು ಊರುಗಳು ಕಾನೂನಿನಲ್ಲಿ ಜೊತೆಯಾಗಿದ್ದವು. 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಅಧಿನಿಯಮವು 2003ರ ಮೇ 1ರಿಂದ ಜ��ರಿಗೆ ಬಂದು, ರಾಜ್ಯದಾದ್ಯಂತ ಏಕರೂಪದ ಕಾನೂನನ್ನು ತಂದಿತು.

ಬಸ್ಸುಗಳು ಬಂದ ಮೇಲೆ ಕೊಳ್ಳೇಗಾಲದಿಂದ ಬೆಟ್ಟಕ್ಕೆ ದಿನಗಟ್ಟಲೆ ಹಿಡಿಯುತ್ತಿದ್ದ ಪ್ರಯಾಣ ಕೆಲವು ಗಂಟೆಗಳಿಗೆ ಇಳಿಯಿತು. ದಾರಿಯ ಮಧ್ಯದ ಎಷ್ಟೋ ಛತ್ರಗಳ ಅಗತ್ಯ ಕಡಿಮೆಯಾಯಿತು. ರೇಷ್ಮೆ ವ್ಯಾಪಾರಕ್ಕೆ ಹೆಸರಾದ ಕೊಳ್ಳೇಗಾಲ ಪಟ್ಟಣದಲ್ಲಿ ಖಾಸಗಿ ವಸತಿ ಗೃಹಗಳು ಬೆಳೆದವು.

10. 1990 ರಿಂದ 2004ರ ಅವಧಿ

ಈ ಅವಧಿಯಲ್ಲಿ ದಂತಚೋರ ವೀರಪ್ಪನ್‌ನ ಕೃತ್ಯಗಳಿಂದ ಹನೂರು ಭಾಗದ ಸಂಚಾರ ಮತ್ತು ವಸತಿ ತೀವ್ರವಾಗಿ ಬಾಧಿತವಾಯಿತು. 1991ರ ನವೆಂಬರ್‌ನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಪೊಲೀಸ್ ಅಧಿಕಾರಿಗಳಾದ ಹರಿಕೃಷ್ಣ ಮತ್ತು ಶಕೀಲ್ ಅಹಮದ್ ಹತರಾದರು. 1992ರಲ್ಲಿಯೇ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿ ನಡೆಯಿತು. 2002ರ ಆಗಸ್ಟ್ 25ರಂದು ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕಾಮಗೆರೆಯಿಂದ ಅಪಹರಿಸಲಾಯಿತು. ಡಿಸೆಂಬರ್‌ನಲ್ಲಿ ಅವರ ಮೃತದೇಹ ಪತ್ತೆಯಾಯಿತು. ಮಲೆ ಮಹದೇಶ್ವರ ಬೆಟ್ಟವು ವಿಶೇಷ ಕಾರ್ಯಪಡೆಯ ನೆಲೆಯಾಯಿತು, ಕತ್ತಲಾದ ನಂತರ ಕಾಡಿನ ರಸ್ತೆಯಲ್ಲಿ ಸಂಚಾರ ವಿರಳವಾಯಿತು.

2004ರ ಅಕ್ಟೋಬರ್ 18ರಂದು ತಮಿಳುನಾಡಿನಲ್ಲಿ ನಡೆದ ಕಾರ್ಯಾಚರಣೆಯಲ್ಲಿ ವೀರಪ್ಪನ್ ಹತನಾದ ನಂತರ ಭಯ ಕ್ರಮೇಣ ದೂರವಾಯಿತು. ಶ್ರೀನಿವಾಸ್ ಅವರು ಜನರ ನಡುವೆ ಕೆಲಸ ಮಾಡಿದ್ದ ಗೋಪಿನಾಥಂ ಗ್ರಾಮದ ಬಳಿ ನಂತರ ಪರಿಸರ ಪ್ರವಾಸೋದ್ಯಮದ ಶಿಬಿರ ಆರಂಭವಾಯಿತು. ಊರು ಬಿಟ್ಟು ಓಡುತ್ತಿದ್ದ ಸ್ಥಳದಲ್ಲಿ ಈಗ ಪರ ಊರಿನವರು ಬಂದು ತಂಗುತ್ತಾರೆ.

11. ಇಂದಿನ ವ್ಯವಸ್ಥೆ

• ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರ ಮತ್ತು ಪರಿವೀಕ್ಷಣಾ ಮಂದಿರಗಳು. ಸರ್ಕಾರಿ ಕೆಲಸದ ಮೇಲೆ ಬರುವ ಅಧಿಕಾರಿಗಳು ಮತ್ತು ಜನಪ್ರತಿನಿಧಿಗಳಿಗೆ ಆದ್ಯತೆ ಇರುತ್ತದೆ. ಕೊಠಡಿ ಖಾಲಿ ಇದ್ದಲ್ಲಿ ನಿಗದಿತ ಶುಲ್ಕದ ಮೇಲೆ ಸಾರ್ವಜನಿಕರಿಗೆ ನೀಡಲು ಅವಕಾಶವಿರುತ್ತದೆ.
• ಮಲೆ ಮಹದೇಶ್ವರ ಬೆಟ್ಟದ ವಸತಿ ಗೃಹಗಳು. ಇವು 2013ರ ಅಧಿನಿಯಮದನ್ವಯ ರಚಿತವಾದ ಶ್ರೀ ಮಲೆ ಮಹದೇಶ್ವರ ಸ್ವಾಮಿ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರದ ಆಡಳಿತಕ್ಕೆ ಒಳಪಟ್ಟಿವೆ.
• ಅರಣ್ಯ ಇಲಾಖೆಯ ವಿಶ್ರಾಂತಿ ಗೃಹಗಳು. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ (2013) ಹಾಗೂ ಕಾವೇರಿ (1987) ವನ್ಯಜೀವಿಧಾಮಗಳ ಒಳಗಿನ ವಸತಿಗೆ ಅರಣ್ಯ ನಿಯಮಗಳು ಅನ್ವಯಿಸುತ್ತವೆ.

12. ನಾಗರಿಕರ ಗಮನಕ್ಕೆ

(1) ಪ್ರವಾಸಿ ಮಂದಿರದಲ್ಲಿ ಕೊಠಡಿ ಕೋರುವವರು ಲೋಕೋಪಯೋಗಿ ಇಲಾಖೆಯ ಸಂಬಂಧಿತ ಉಪವಿಭಾಗದ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಅವರ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸತಕ್ಕದ್ದು. ಗುರುತಿನ ಚೀಟಿಯನ್ನು ಹಾಜರುಪಡಿಸಿ, ಹಾಜರಿ ಪುಸ್ತಕದಲ್ಲಿ ವಿವರ ನಮೂದಿಸಿ, ಪಾವತಿಸಿದ ಹಣಕ್ಕೆ ರಸೀದಿ ಪಡೆಯುವುದು.

(2) ಜಾತಿ ಅಥವಾ ಧರ್ಮದ ಕಾರಣ ನೀಡಿ ಸಾರ್ವಜನಿಕ ತಂಗುದಾಣದಲ್ಲಿ ಪ್ರವೇಶ ನಿರಾಕರಿಸುವಂತಿಲ್ಲ. ಅಸ್ಪೃಶ್ಯತೆಯ ಕಾರಣದಿಂದ ನಿರಾಕರಣೆಯಾದಲ್ಲಿ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬಹುದು.

(3) ದತ್ತಿ ಛತ್ರದ ಕಟ್ಟಡ ಮತ್ತು ಅದಕ್ಕೆ ಬಿಟ್ಟ ಜಮೀನು ಧರ್ಮಕಾರ್ಯಕ್ಕೆ ಮೀಸಲಾದ ಆಸ್ತಿ. ಛತ್ರ ಬಳಕೆಯಲ್ಲಿಲ್ಲ ಎಂಬ ಮಾತ್ರಕ್ಕೆ ಅದು ನೋಡಿಕೊಳ್ಳುತ್ತಿದ್ದವರ ಸ್ವಂತ ಆಸ್ತಿಯಾಗುವುದಿಲ್ಲ. ಒತ್ತುವರಿ ಕಂಡುಬಂದಲ್ಲಿ ಸಂಬಂಧಿತ ತಹಶೀಲ್ದಾರರಿಗೆ ಲಿಖಿತವಾಗಿ ತಿಳಿಸಬಹುದು.

(4) ಹಳೆಯ ದಾಖಲೆ ಹುಡುಕುವವರು ಹಿಂದಿನ ಆಡಳಿತದ ಗಡಿಯನ್ನು ನೆನಪಿನಲ್ಲಿಡುವುದು. ಯಳಂದೂರಿನ ದಾಖಲೆಗಳು ಮೈಸೂರು ಸಂಸ್ಥಾನದವು, ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸುವುದು. ಕೊಳ್ಳೇಗಾಲ ಮತ್ತು ಹನೂರಿನ 1956ಕ್ಕೆ ಹಿಂದಿನ ದಾಖಲೆಗಳು ಕೊಯಮತ್ತೂರು ಜಿಲ್ಲೆಯ ಕಡತಗಳಲ್ಲಿ ಅಥವಾ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ಇರುವ ಸಾಧ್ಯತೆಯಿದ್ದು, ಇಂಗ್ಲಿಷ್ ಅಥವಾ ತಮಿಳಿನಲ್ಲಿ ಇರಬಹುದು.

(5) ಸರ್ಕಾರಿ ಕಚೇರಿಯಲ್ಲಿರುವ ದಾಖಲೆಯ ಪ್ರತಿಯನ್ನು 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಅರ್ಜಿ ಸಲ್ಲಿಸಿ ಪಡೆಯಬಹುದಾಗಿದೆ.

ಪ್ರಮುಖ ಘಟನೆಗಳ ಕಾಲಾನುಕ್ರಮ

1799 – ಕೊಳ್ಳೇಗಾಲ ಪ್ರದೇಶ ಕಂಪನಿಯ ಆಡಳಿತಕ್ಕೆ
1807 – ಯಳಂದೂರು ಜಹಗೀರು ಪೂರ್ಣಯ್ಯನವರಿಗೆ
1817 – ಮದ್ರಾಸ್ ಪ್ರಾಂತ್ಯದ ಛತ್ರಗಳು ರೆವಿನ್ಯೂ ಬೋರ್ಡಿನ ಮೇಲ್ವಿಚಾರಣೆಗೆ
1830ರ ದಶಕ – ಶಿವನಸಮುದ್ರದ ಸೇತುವೆಗಳು ಪೂರ್ಣ
1856 – ಮೈಸೂರು ಲೋಕೋಪಯೋಗಿ ಇಲಾಖೆ ಸ್ಥಾಪನೆ
1884 – ಮದ್ರಾಸ್ ಲೋಕಲ್ ಬೋರ್ಡುಗಳ ಕಾಯ್ದೆ
1902 – ಶಿವನಸಮುದ್ರ ಜಲವಿದ್ಯುತ್ ಕೇಂದ್ರ ಆರಂಭ
1927 – ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಸಂಸ್ಥೆಗಳ ಕಾಯ್ದೆ
1950 – ಸಂವಿಧಾನ ಜಾರಿ, ಸಾರ್ವಜನಿಕ ಸ್ಥಳಗಳಲ್ಲಿ ಸಮಾನ ಪ್ರವೇಶ
1955 – ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ
1956 – ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ
1997 – ಚಾಮರಾಜನಗರ ಜಿಲ್ಲೆ ರಚನೆ
2003 – ಏಕರೂಪದ ಧಾರ್ಮಿಕ ದತ್ತಿ ಕಾನೂನು ಜಾರಿ
2013 – ಮಲೆ ಮಹದೇಶ್ವರ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರದ ಅಧಿನಿಯಮ
2018 – ಹನೂರು ತಾಲ್ಲೂಕು ರಚನೆ, ಪ್ರವಾಹದಿಂದ ವೆಸ್ಲಿ ಸೇತುವೆಗೆ ಹಾನಿ